ಪರದೆಯ ಮುಂದೆ ನಿಂತವರು

ಸುರಂಗ ಕೊರೆಯುವ ಯಂತ್ರಕ್ಕೂ ಹೆಸರಿಡುತ್ತಾರೆ. ಬೆಂಗಳೂರು ಮೆಟ್ರೊದ ಮೊದಲ ಹಂತದಲ್ಲಿ ನೆಲದಡಿ ನುಗ್ಗಿದ ಯಂತ್ರಗಳಲ್ಲಿ ಹೆಲೆನ್, ಮಾರ್ಗರಿಟಾ ಎಂಬ ಪರದೇಶಿ ಹೆಸರಿನವೂ ಇದ್ದವು, ಕಾವೇರಿ, ಕೃಷ್ಣಾ, ಗೋದಾವರಿಯೂ ಇದ್ದವು. ಎರಡನೆಯ ಹಂತದಲ್ಲಿ ಕಾಳೇನ ಅಗ್ರಹಾರದಿಂದ ನಾಗವಾರದ ಗುಲಾಬಿ ಮಾರ್ಗಕ್ಕೆಂದು ಒಂಬತ್ತು ಯಂತ್ರ ಇಳಿಸಿದರು. ಊರ್ಜಾ, ಅವನಿ, ಲವಿ, ವಿಂಧ್ಯಾ, ವರದಾ, ವಾಮಿಕಾ, ರುದ್ರ ಎಂದೆಲ್ಲ ಕರೆದು, ಉಳಿದ ಎರಡಕ್ಕೆ ತುಂಗಾ, ಭದ್ರಾ ಎಂದರು. 2024ರ ಅಕ್ಟೋಬರ್ ಕೊನೆಯಲ್ಲಿ ಭದ್ರಾ ನಾಗವಾರದಲ್ಲಿ ಕಲ್ಲು ಒಡೆದು ಹೊರಬಂದಳು ಎಂಬ ಸುದ್ದಿ ಲಿಂಗದಹಳ್ಳಿಯ ನಮ್ಮ ಮನೆಗೂ ಬಂತು. ನಮ್ಮ ಕಡೆ ಭದ್ರೆ ಎಂದರೆ ಲಕ್ಕವಳ್ಳಿಯ ಅಣೆಕಟ್ಟೆ, ಹಿನ್ನೀರು, ನಾಲೆ. ಅವಳು ಕಲ್ಲು ಕೊರೆಯುವುದು ಹೊಸದಲ್ಲ. ಆದರೆ ನಾಗವಾರದಲ್ಲಿ ಕೊರೆಯುತ್ತಾಳೆಂದು ಯಾರು ಎಣಿಸಿದ್ದರು?

ಇಂಥ ಸುದ್ದಿಯ ಜೊತೆ ಪತ್ರಿಕೆಗಳಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಒಡೆದ ಗೋಡೆಯಲ್ಲಿ ಯಂತ್ರದ ಗುಂಡನೆಯ ಮುಖ, ಅದರ ಮುಂದೆ ಹೆಲ್ಮೆಟ್ ತೊಟ್ಟ ಹತ್ತಾರು ಜನ. ಕೆಳಗಿನ ಸಾಲಿನಲ್ಲಿ ಯಂತ್ರದ ಹೆಸರು ಇರುತ್ತದೆ. ಜನರ ಹೆಸರು ಇರುವುದಿಲ್ಲ. ಹೊಟ್ಟೆಪಾಡಿಗೆ ಜೀವಮಾನವೆಲ್ಲ ಫೋಟೊ ತೆಗೆದವನು ನಾನು. ಚಿತ್ರಕ್ಕಿಂತ ಮೊದಲು ಚಿತ್ರದ ಕೆಳಗಿನ ಸಾಲು ಓದುವ ಚಾಳಿ ನನಗೆ ಅಂಟಿಕೊಂಡಿದೆ.

ಅದೇ ನೆಪವಾಗಿ, ಮುಂದೆ ಬೆಂಗಳೂರಿಗೆ ಹೋದಾಗ ನೆಲದಡಿಯ ನಿಲ್ದಾಣಗಳ ಚಿತ್ರ ತೆಗೆಯಲೇಬೇಕೆಂದುಕೊಂಡೆ. ಗುಲಾಬಿ ಮಾರ್ಗದ ನಿಲ್ದಾಣಗಳಿಗೆ ಜನರನ್ನು ಬಿಟ್ಟಿರಲಿಲ್ಲ. ಜನ ಓಡಾಡುತ್ತಿದ್ದ ಹಳೆಯ ನೇರಳೆ ಮಾರ್ಗಕ್ಕೇ ಇಳಿದೆ. ಹಳೆಯದೆಂದರೂ ನನಗೆ ಹೊಸದೇ. ಕಬ್ಬನ್ ಪಾರ್ಕಿನಿಂದ ಸಿಟಿ ರೈಲ್ವೆ ನಿಲ್ದಾಣದವರೆಗೆ ಐದು ನಿಲ್ದಾಣ, ಸುಮಾರು 4.8 ಕಿಲೋಮೀಟರ್ ಸುರಂಗ. 2016ರ ಏಪ್ರಿಲ್ ಕೊನೆಯಲ್ಲಿ ಇದು ಶುರುವಾದಾಗ ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೊ ಎಂದು ಜನ ಸಾಲು ಹಚ್ಚಿ ಹತ್ತಿದ್ದರು. ಮರುವರ್ಷ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗವೂ ಸೇರಿಕೊಂಡು, ಮೆಜೆಸ್ಟಿಕ್ಕಿನ ಅಡಿ ಎರಡು ದಾರಿಗಳು ಕೂಡಿದವು. ಅಷ್ಟೊತ್ತಿಗೆ ನಾನು ಅಂಗಡಿ ಮುಚ್ಚಿ ಊರಿಗೆ ಮರಳಿ, ಅಡಕೆ ಗಿಡಗಳಿಗೆ ನೀರು ಬಿಡುವುದರಲ್ಲಿದ್ದೆ.

ಅಕ್ಕನ ಮಗಳು ಜೊತೆಗೆ ಬಂದಳು. ದೊಡ್ಡ ಕ್ಯಾಮೆರಾ ಹಿಡಿದು ಹೋದರೆ ಕಾವಲಿನವರಿಗೆ ಉತ್ತರ ಹೇಳಬೇಕಾದೀತೆಂದು ಅದನ್ನು ಮನೆಯಲ್ಲೇ ಬಿಟ್ಟು, ಅವಳ ಫೋನಿನಲ್ಲೇ ತೆಗೆಯುವುದೆಂದು ಮಾತಾಯಿತು. ಮೊದಲು ಎಲ್ಲಿಗೆ ಎಂದು ಕೇಳಿದಳು. ನಕಾಶೆಯಲ್ಲಿ ಒಂದು ಹೆಸರು ನೋಡಿ ಅಲ್ಲಿಗೇ ಎಂದೆ: ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು.

ಆ ಹೆಸರು ಅಲ್ಲಿಗೆ ಒಪ್ಪುವಂಥದ್ದೇ. ವಿಶ್ವೇಶ್ವರಯ್ಯನವರು ಓದಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಮನೆಪಾಠ ಹೇಳಿಕೊಂಡು ಓದಿ 1881ರಲ್ಲಿ ಬಿ.ಎ. ಮುಗಿಸಿ ಪುಣೆಗೆ ಹೋದವರು. ಅವರು ದಿವಾನರಾಗಿದ್ದಾಗ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕಿನ ಹೆಸರು ಹೊತ್ತ ವೃತ್ತವೂ ಅಲ್ಲೇ ಹತ್ತಿರ. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋದರೂ ಆಟೊದವರ ಬಾಯಲ್ಲಿ ಇನ್ನೂ ಮೈಸೂರ್ ಬ್ಯಾಂಕ್ ಸರ್ಕಲ್ಲೇ.

ಎಸ್ಕಲೇಟರ್ ಇಳಿಯುತ್ತ ಇಳಿಯುತ್ತ ಮೇಲಿನ ಹಾರನ್ನುಗಳ ಸದ್ದು ಹಿಂದೆ ಬಿತ್ತು. ಪ್ಲಾಟ್‌ಫಾರಂ ಮುಟ್ಟಿದಾಗ ನನಗೆ ಮೊದಲು ಕಂಡದ್ದು ಬೆಳಕು. ನೆಲದಡಿ ಎಂದರೆ ಕತ್ತಲೆ ಎಂದುಕೊಂಡಿದ್ದವನಿಗೆ ಅಲ್ಲಿ ನೆರಳು ಹುಡುಕುವುದೇ ಕಷ್ಟವಾಯಿತು. ಸಾಲು ದೀಪಗಳ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬಿದ್ದು, ನುಣುಪು ಮಾಡಿದ ಕಲ್ಲುಹಾಸಿನಲ್ಲಿ ಇನ್ನೊಂದು ಚಾವಣಿಯೇ ಮೂಡಿತ್ತು. ಸ್ಟುಡಿಯೊದಲ್ಲಿ ಇಂಥ ಬೆಳಕಿಗಾಗಿ ನಾವು ದೀಪದ ಮುಂದೆ ಬಿಳಿ ಪಂಚೆ ಕಟ್ಟುತ್ತಿದ್ದೆವು. ನೆಲದ ಹಳದಿ ಉಬ್ಬುಗೆರೆ ಸುರಂಗದ ಬಾಯಿಯವರೆಗೂ ನೆಟ್ಟಗೆ ಓಡಿತ್ತು. ರೈಲು ಕಾಣುವ ಮೊದಲೇ ಅದರ ಗಾಳಿ ಬರುತ್ತದೆ. ಕೊಳವೆಯಂಥ ಸುರಂಗದಲ್ಲಿ ರೈಲು ತನ್ನ ಮುಂದಿನ ಗಾಳಿಯನ್ನು ತಳ್ಳಿಕೊಂಡೇ ಬರಬೇಕು. ಸೆರಗು ಹಾರುತ್ತದೆ, ಕೈಯ ಪತ್ರಿಕೆ ಪಟಪಟ ಅನ್ನುತ್ತದೆ, ನಿಂತವರು ಚೀಲ ಎತ್ತಿಕೊಳ್ಳುತ್ತಾರೆ. ಆಮೇಲೆ ಕತ್ತಲಲ್ಲಿ ಎರಡು ದೀಪ. ಆ ಗಾಳಿಗೂ ದೀಪಕ್ಕೂ ನಡುವಿನ ಗಳಿಗೆಯನ್ನು ಹಿಡಿಯಬೇಕೆಂದು ರೈಲಿನ ಮೇಲೆ ರೈಲು ಬಿಟ್ಟೆ. ಅಕ್ಕನ ಮಗಳು, "ಮಾವ, ಮೂರು ನಿಮಿಷಕ್ಕೊಂದು ಬರುತ್ತೆ, ನಿಮಗೆ ಯಾವ ರೈಲು ಬೇಕು ಹೇಳಿ, ತರಿಸೋಣ" ಎಂದು ನಕ್ಕಳು.

ಚಿತ್ರಗಳು ಚೆನ್ನಾಗಿಯೇ ಬಂದವು. ಆದರೆ ಒಂದೊಂದರ ಹಿನ್ನೆಲೆಯಲ್ಲೂ ಗೋಡೆಯ ಮೇಲಿನ ಆ ಹೆಸರು ಇಣುಕುತ್ತಿತ್ತು. ನಮ್ಮ ಮನೆಯಲ್ಲಿ ವಿಶ್ವೇಶ್ವರಯ್ಯ ಎಂದರೆ ಕನ್ನಂಬಾಡಿ ನೆನಪಾಗುತ್ತಿರಲಿಲ್ಲ. ಅದು ಮಂಡ್ಯದವರ ಪುಣ್ಯ. ನಮಗೆ ನೆನಪಾಗುತ್ತಿದ್ದದ್ದು ತಂತಿಯ ಮೇಲೆ ತೂಗಾಡುತ್ತ ಇಳಿಯುವ ಕಬ್ಬಿಣದ ತೊಟ್ಟಿಗಳು.

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವವರು ಲಿಂಗದಹಳ್ಳಿ ಹಾದೇ ಹೋಗಬೇಕು. ಊರು ದಾಟಿದ ಮೇಲೆ ಬೆಟ್ಟ ಎದುರಿಗೆ ಎದ್ದು ನಿಲ್ಲುತ್ತದೆ. ಆ ಬೆಟ್ಟದ ತಲೆಯಲ್ಲಿ ಕಬ್ಬಿಣದ ಅದಿರು, ಬುಡದಲ್ಲಿ ತಣಿಗೆಬೈಲು. ಭದ್ರಾವತಿ ಇನ್ನೂ ಬೆಂಕಿಪುರವೆಂಬ ಹೆಸರನ್ನು ಪೂರ್ತಿ ಮರೆಯದಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿತು. ಯೋಜನೆ ವಿಶ್ವೇಶ್ವರಯ್ಯನವರದು. ಕುಲುಮೆಗೆ ಬೆಂಕಿ ಬಿದ್ದದ್ದು 1923ರ ಜನವರಿಯಲ್ಲಿ. ದಿವಾನಗಿರಿ ಬಿಟ್ಟಿದ್ದರೂ ನಷ್ಟದಲ್ಲಿದ್ದ ಕಾರ್ಖಾನೆಯ ಹೊಣೆಯನ್ನು ಅವರೇ ಹೊತ್ತು ಕೆಲವು ವರ್ಷ ನಡೆಸಿ ದಡ ಹತ್ತಿಸಿದರು. ಆ ಕುಲುಮೆಗೆ ಬೇಕಾದ ಅದಿರು ಕೆಮ್ಮಣ್ಣುಗುಂಡಿಯದು. ಬೆಟ್ಟದ ಮೇಲಿಂದ ತಣಿಗೆಬೈಲಿಗೆ ರೋಪ್‌ವೇಯಲ್ಲಿ ಇಳಿಸಿ, ಅಲ್ಲಿಂದ ಭದ್ರಾವತಿಗೆ ಕಾಡಿನ ನಡುವೆ ಕಿರಿದಾದ ಟ್ರಾಮ್ ಹಳಿಯ ಮೇಲೆ ಸಾಗಿಸುವ ಏರ್ಪಾಡು.

ನಮ್ಮಪ್ಪ ತಣಿಗೆಬೈಲಿನಲ್ಲಿ ಹಾಜರಿ ಗುಮಾಸ್ತರಾಗಿದ್ದರು. ಟ್ರಾಮಿನ ಕಥೆಗಳನ್ನೆಲ್ಲ ಕೇಳಿದ್ದು ಅವರ ಬಾಯಿಂದ. ರೋಪ್‌ವೇ ಮಾತ್ರ ನಾನೇ ಕಂಡದ್ದು. ಅರವತ್ತರ ದಶಕ. ಮಳೆಗಾಲದಲ್ಲಿ ಮಂಜು ಬೆಟ್ಟವನ್ನು ನುಂಗಿದಾಗ ತಂತಿಯೂ ಕಂಬವೂ ಕಾಣುತ್ತಿರಲಿಲ್ಲ. ತೊಟ್ಟಿಯೊಂದು ಇದ್ದಕ್ಕಿದ್ದಂತೆ ಬಿಳುಪಿನೊಳಗಿಂದ ಹೊರಬಂದು, ಕಂಬದ ಗಾಲಿಯ ಮೇಲೆ ಕಟಕಟ ಎಂದು ಹಾದು, ಮತ್ತೆ ಬಿಳುಪಿನೊಳಗೆ ಹೋಗುತ್ತಿತ್ತು. ತುಂಬಿದ್ದು ಇಳಿಯುತ್ತಿತ್ತು, ಖಾಲಿಯದು ಏರುತ್ತಿತ್ತು. ತುಂಬಿದ ತೊಟ್ಟಿಯ ತಳದಿಂದ ತೊಟ್ಟಿಕ್ಕುವ ನೀರು ಕೆಂಪು. ಅದರ ಕೆಳಗೆ ನಿಲ್ಲಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ. ನಿಂತು ಬಂದದ್ದು ಅಂಗಿಯ ಮೇಲಿನ ಕಲೆಯಿಂದ ಗೊತ್ತಾಗಿ ಬೆನ್ನಿಗೆ ಬೀಳುತ್ತಿತ್ತು. ಬೆಂಗಳೂರಿನಲ್ಲಿ ನೆಲದೊಳಕ್ಕೆ ಜನ ಇಳಿಯುವುದನ್ನು ನೋಡುತ್ತ ನನಗೆ ಹೊಳೆದದ್ದು ಇದು: ನಮ್ಮಲ್ಲಿ ನೆಲದೊಳಗಿನದೇ ಮೇಲಕ್ಕೆ ಬಂದು ನಮ್ಮ ತಲೆಯ ಮೇಲೆ ಹಾದುಹೋಗುತ್ತಿತ್ತು. ನಾವು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು, ಅಷ್ಟೆ. ಅದರಲ್ಲಿ ಜನ ಹತ್ತುವಂತಿರಲಿಲ್ಲ.

ಈ ರೋಪ್‌ವೇಯ, ಅದರ ಕೆಳಗೆ ದುಡಿದವರ ಒಂದೇ ಒಂದು ಚಿತ್ರ ನನ್ನ ಬಳಿ ಇಲ್ಲ. ಫೋಟೊದವನ ಬಳಿಯೇ ಇಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ, ಎಸ್ಸೆಸ್ಸೆಲ್ಸಿ ಕೈಕೊಟ್ಟ ಮೇಲೆ, ಅಪ್ಪ ನನ್ನನ್ನು ತರೀಕೆರೆಯ ಒಂದು ಸ್ಟುಡಿಯೊಕ್ಕೆ ಸೇರಿಸಿದರು. ಮಾಲೀಕರನ್ನು ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಒಂದು ಕಾಲದಲ್ಲಿ ಡ್ರಾಯಿಂಗ್ ಕಲಿಸಿದವರಂತೆ. ನನ್ನ ಕೆಲಸ ಕತ್ತಲ ಕೋಣೆಯಲ್ಲಿ. ಕೆಂಪು ಬಲ್ಬು, ಎನಾಮಲ್ಲಿನ ಮೂರು ತಟ್ಟೆ: ಒಂದರಲ್ಲಿ ಡೆವಲಪರ್, ಒಂದರಲ್ಲಿ ನೀರು, ಇನ್ನೊಂದರಲ್ಲಿ ಹೈಪೊ. ಬೆಳಕು ತಾಗಿದ ಕಾಗದವನ್ನು ಮೊದಲ ತಟ್ಟೆಗೆ ಬಿಟ್ಟು ಅಲುಗಿಸುತ್ತಿದ್ದರೆ ಮೊದಲು ಕಾಣುವುದು ಕೂದಲು, ಆಮೇಲೆ ಹುಬ್ಬು, ಕಣ್ಣು. ಬಿಳಿ ಅಂಗಿ ಎಲ್ಲಕ್ಕಿಂತ ಕೊನೆಗೆ. ಮೇಷ್ಟ್ರು ಬಾಗಿಲಾಚೆಯಿಂದ, "ಹುಬ್ಬು ಬಂತೇನೋ?" ಎಂದು ಕೂಗುತ್ತಿದ್ದರು. ಬಂತು ಎಂದರೆ, "ಹತ್ತು ಎಣಿಸಿ ತೆಗಿ." ಗಡಿಯಾರ ನೋಡಿ ತೊಳೆದದ್ದಿಲ್ಲ. ನನ್ನ ಉಗುರುಗಳು ಆ ಔಷಧದಲ್ಲಿ ಕಂದು ಬಣ್ಣಕ್ಕೆ ತಿರುಗಿ, ಊಟಕ್ಕೆ ಕೂತಾಗ ಅಮ್ಮ ಚಮಚ ಕೊಡುತ್ತಿದ್ದರು.

ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ, ನಿಶ್ಚಿತಾರ್ಥಕ್ಕೆ ಮೊದಲಿನ ಹುಡುಗಿಯ ಫೋಟೊ, ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ ತೆಗೆದ ಫೋಟೊ. ನೂರಿಪ್ಪತ್ತರ ರೋಲಿನಲ್ಲಿ ಹನ್ನೆರಡೇ ಚಿತ್ರ. ಒಂದು ಹಾಳಾದರೂ ಮೇಷ್ಟ್ರ ಮುಖ ಗಂಟಿಕ್ಕುತ್ತಿತ್ತು. ಹೊಸದರಲ್ಲಿ ಒಮ್ಮೆ ಕೇಳಿದ್ದೆ: "ಮೇಷ್ಟ್ರೇ, ನಮ್ಮ ತಣಿಗೆಬೈಲಿನ ತೊಟ್ಟಿ, ತಂತಿ ಎಲ್ಲ ಒಂದು ಸಲ ತೆಗೆದುಕೊಂಡು ಬರೋಣವಾ?" ಅವರು ರಿಟಚಿಂಗ್ ಪೆನ್ಸಿಲ್ಲಿನ ಮೊನೆ ಚೂಪು ಮಾಡುತ್ತ, ತಲೆ ಎತ್ತದೆ, "ತೊಟ್ಟಿ ಕಾಸು ಕೊಡುತ್ತೇನೋ ಮಾರಾಯ?" ಎಂದರು.

ತಣಿಗೆಬೈಲಿನಿಂದ ಸ್ಟುಡಿಯೊಕ್ಕೆ ಬಂದವರು ಒಬ್ಬರೇ, ಅದೂ ಕಾಗದಪತ್ರಕ್ಕೆ ಫೋಟೊ ಬೇಕಾಗಿ. ಅಪ್ಪನ ಹಾಜರಿ ಪುಸ್ತಕದಲ್ಲಿ ವರ್ಷಗಟ್ಟಲೆ ಹೆಬ್ಬೆಟ್ಟು ಒತ್ತಿದ್ದ ಹೆಂಗಸು. ಅದಿರಿನ ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ದುಂಡಗೆ ಉದುರಿತ್ತು. ನಾವು ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಕೆಲಸ ಬಿಡುವ ಕಾಲ ಬಂದಿತ್ತು, ಬರಬೇಕಾದ ದುಡ್ಡಿನ ಅರ್ಜಿಗೆ ಚಿತ್ರ ಅಂಟಿಸಬೇಕಿತ್ತು. ಬೆಳಗಿನ ಬಸ್ಸಿಗೆ ಬಂದಿದ್ದರು, ಯಾರದೋ ಹಸಿರು ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ದಂಡೆ ಹೂವು ಮುಡಿದು. ಅರ್ಜಿಗೆ ಬೇಕಾದದ್ದು ಮುಖ ಮಾತ್ರ. ಅವರು ಕೇಳಲಿಲ್ಲ. ಹಿಂದಿನ ಪರದೆಯನ್ನು ನೋಡಿದರು. ಅರಮನೆಯ ಮೆಟ್ಟಿಲು, ಕಾರಂಜಿ, ಎರಡು ನವಿಲು ಬರೆದಿದ್ದ ಪರದೆ ಅದು. ಮೇಷ್ಟ್ರೇ ಬರೆದದ್ದು. "ಅದರ ಮುಂದೆ ನಿಂತ್ಕೊಂಡು ಒಂದು, ಇಡೀ ಆಳು," ಎಂದರು. "ದುಡ್ಡು ಕೊಡ್ತೀನಿ ಸ್ವಾಮಿ." ಮೇಷ್ಟ್ರು ಪ್ಲಾಸ್ಟಿಕ್ ಹೂವಿನ ಕುಂಡ ಪಕ್ಕಕ್ಕಿಟ್ಟು, ಗಲ್ಲ ಸ್ವಲ್ಪ ಎತ್ತಲು ಹೇಳಿ, ತೆಗೆದರು.

ಆ ನೆಗೆಟಿವ್ ತೊಳೆದದ್ದು ನಾನು. ಮೇಷ್ಟ್ರು ಅದರ ಮೇಲೆ ಪೆನ್ಸಿಲ್ ಆಡಿಸಿ ಹಣೆಯ ಗೆರೆ ಅಳಿಸಿದರು, ಕೆನ್ನೆ ತುಂಬಿಸಿದರು, ಆಮೇಲೆ ಪ್ರಿಂಟಿನಲ್ಲಿ ನೆತ್ತಿಯ ಬೋಳಿಗೆ ಕೂದಲು ತುಂಬಿದರು. ಬೆರಳುಗಳನ್ನು ಮಾತ್ರ ಮುಟ್ಟಲಿಲ್ಲ. ದೊಡ್ಡಮ್ಮ ಕೈಗಳನ್ನು ಹೊಟ್ಟೆಯ ಮೇಲೆ ಒಂದರೊಳಗೊಂದು ಹೆಣೆದು ನಿಂತಿದ್ದರು. ಉಗುರ ಸಂದುಗಳಲ್ಲಿ ಸೇರಿಹೋಗಿದ್ದ ಅದಿರಿನ ಹುಡಿ, ಕಪ್ಪು ಬಿಳುಪಿನಲ್ಲೂ ಗೆರೆ ಎಳೆದಂತೆ ಕಾಣುತ್ತಿತ್ತು. ಮುಂದಿನ ವಾರ ಪ್ರಿಂಟು ಕೈಗಿಟ್ಟಾಗ ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟರು. "ಇದು ನಾನಲ್ಲ ಬಿಡಪ್ಪ, ಯಾರೋ ಗೌಡ್ತಿ!" ಎಂದು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಹೋದರು.

ಈ ಘಟನೆಯನ್ನು ನಾನು ಬಹಳ ವರ್ಷ ಮೇಷ್ಟ್ರನ್ನು ಗೇಲಿ ಮಾಡುವುದಕ್ಕೆ ಹೇಳುತ್ತಿದ್ದೆ. ನವಿಲಿನ ಪರದೆ, ಪ್ಲಾಸ್ಟಿಕ್ ಹೂವು, ತುಂಬಿಸಿದ ಕೆನ್ನೆ. ಬುಟ್ಟಿ ಹೊತ್ತ ದೊಡ್ಡಮ್ಮನನ್ನು ರೋಪ್‌ವೇಯ ಕೆಳಗೆ ನಿಲ್ಲಿಸಿ ತೆಗೆದಿದ್ದರೆ ಅದಲ್ಲವೇ ಚಿತ್ರ ಎಂದು ಕಿರಿಯರಿಗೆ ಪಾಠ ಹೇಳುತ್ತಿದ್ದೆ. ಕೇಳಿದವರು ಹೌದೆನ್ನುತ್ತಿದ್ದರು. ಈಗ ಆ ಪಾಠದಲ್ಲಿ ನನಗೇ ಅಷ್ಟು ಖಾತ್ರಿ ಇಲ್ಲ. ಅದರ ಕಾರಣ ಮೆಜೆಸ್ಟಿಕ್‌ನಲ್ಲಿ ಸಿಕ್ಕಿತು. ಅಲ್ಲಿಗೆ ಬರುವ ಮೊದಲು ಕಾರ್ಖಾನೆಯ ಲೆಕ್ಕವನ್ನೂ ಒಂದಿಷ್ಟು ಚುಕ್ತಾ ಮಾಡಬೇಕು.

ಅಪ್ಪನಿಗೆ ವಿಶ್ವೇಶ್ವರಯ್ಯ ದೇವರು. ಪಂಚಾಂಗದ ಪಕ್ಕದಲ್ಲಿ ಪೇಟದ ಆ ಪಟ. ಮಲೆನಾಡಿನ ಮೂಲೆಯಲ್ಲಿ, ಮಲೇರಿಯಕ್ಕೆ ಹೆದರಿ ಜನ ನಿಲ್ಲದ ಕಡೆ ಒಂದು ಕಾರ್ಖಾನೆ ಎದ್ದದ್ದು ಸಣ್ಣ ಮಾತಲ್ಲ. ಕೂಲಿಯವರ ಮಕ್ಕಳು ಭದ್ರಾವತಿಯಲ್ಲಿ ಫಿಟ್ಟರ್ ಆದರು, ಅವರ ಮಕ್ಕಳು ಇಂಜಿನಿಯರಾದರು. ತಮಿಳು ಸೀಮೆಯಿಂದ ಬಂದವರಿಗೂ ಬಯಲುಸೀಮೆಯಿಂದ ಬಂದವರಿಗೂ ಆ ಊರು ಅನ್ನ ಕೊಟ್ಟಿತು. ಆದರೆ ಮೊದಲ ಕಾಲದ ಆ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲಿನ ಕಾಡಿನ ಮರ ಸುಟ್ಟ ಇದ್ದಿಲಿನಿಂದ. ಅದಿರಿಗಾಗಿ ಬೆಟ್ಟದ ನೆತ್ತಿ ಕೆದರಿದರು, ಬೆಂಕಿಗಾಗಿ ಬುಡದ ಮರ ಕಡಿದರು. ಹಳ್ಳದ ನೀರು ಮಳೆಗಾಲ ಮುಗಿದ ಮೇಲೂ ಕೆಂಪಗೆ ಹರಿದದ್ದನ್ನು ಕಂಡವನು ನಾನು. ಇದನ್ನೆಲ್ಲ ಅಪ್ಪನ ಎದುರು ಆಡುವ ಧೈರ್ಯ ನನಗಿರಲಿಲ್ಲ. ಆಡಿದ್ದರೆ, "ನಿನ್ನ ಸ್ಲೇಟು ಬಳಪ ಬಂದದ್ದು ಅದರಿಂದಲೇ" ಎಂದಿರುತ್ತಿದ್ದರು. ಅದೂ ನಿಜವೇ.

ಗಣಿ ಎಂದೋ ನಿಂತಿತು. ತಣಿಗೆಬೈಲು ಈಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ವಲಯ. 1998ರಿಂದ ಅಲ್ಲಿ ಹುಲಿಯದೇ ಹಾಜರಿ. ಕಾರ್ಖಾನೆ ಅದೇ ವರ್ಷ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕುಲುಮೆಗೆ ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ನೂರನೆಯ ವರ್ಷಕ್ಕೆ ಹಬ್ಬ ಮಾಡಬೇಕಿದ್ದವರಿಗೆ ಪೆಂಡಾಲ್ ಬಿದ್ದದ್ದು ಹಾಗೆ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ನಿಲ್ದಾಣದಲ್ಲಿ ರೈಲು ಹತ್ತುವ ಸಾವಿರಾರು ಜನರಲ್ಲಿ, ಅದೇ ಹೆಸರು ಹೊತ್ತ ಕಾರ್ಖಾನೆಯ ಈ ಕಥೆ ಗೊತ್ತಿರುವವರು ಎಷ್ಟು ಜನವೋ.

ಮೆಜೆಸ್ಟಿಕ್ ನನಗೆ ಮೊದಲಿನಿಂದ ಗೊತ್ತು. ಬಣ್ಣದ ಫೋಟೊ ಬಂದ ಹೊಸದರಲ್ಲಿ ತರೀಕೆರೆಯಲ್ಲಿ ಅದನ್ನು ತೊಳೆಯುವ ಸೌಲಭ್ಯ ಇರಲಿಲ್ಲ. ಮದುವೆಯ ರೋಲುಗಳನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ರಾತ್ರಿ ರೈಲಿಗೆ ನಾನು ಬೆಂಗಳೂರಿಗೆ ಹೋಗಬೇಕಿತ್ತು. ಬೀರೂರಿನಲ್ಲಿ ಕಾಫಿ, ಆಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ತೂಕಡಿಕೆ. ಡಬ್ಬಿ ಕಳೆದರೆ ಒಂದು ಮದುವೆಯೇ ಕಳೆದಂತೆ. ಬೆಳಗಾಗುವಾಗ ಇಳಿದು, ಲ್ಯಾಬು ಬಾಗಿಲು ತೆರೆಯುವವರೆಗೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತೆಂದು ಚಹಾದವನು ಹೇಳಿದಾಗ ನಂಬಿರಲಿಲ್ಲ. ಆ ಕೆರೆಯಂಗಳದ ಅಡಿಯಲ್ಲಿ ಈಗ ನಾಡಪ್ರಭು ಕೆಂಪೇಗೌಡ ನಿಲ್ದಾಣ. ಎರಡು ಮಾರ್ಗಗಳ ಪ್ಲಾಟ್‌ಫಾರಂಗಳು ಒಂದರ ಮೇಲೊಂದು ಅಡ್ಡಹಾಯುವಂತೆ, ನೆಲವನ್ನು ಮೇಲಿನಿಂದ ಆಳಕ್ಕೆ ತೋಡಿ, ಕಟ್ಟಿ, ಮತ್ತೆ ಮುಚ್ಚಿದ್ದಾರೆ. ಕೆಳಗೆ ನಿಂತು ನೋಡಿದರೆ ದಪ್ಪ ಕಂಬಗಳ ನಡುವೆ ಎಸ್ಕಲೇಟರುಗಳು ಜನರನ್ನು ಎತ್ತುತ್ತ ಇಳಿಸುತ್ತ ಇರುತ್ತವೆ. ನೇರಳೆ ಬಾಣದ ಹಿಂದೆ ಒಂದು ಹೊಳೆ, ಹಸಿರು ಬಾಣದ ಹಿಂದೆ ಇನ್ನೊಂದು. ಬೆಳಗಿನ ಒಂಬತ್ತರಲ್ಲಿ ಅಲ್ಲಿ ನಿಂತು ಫೋಟೊ ತೆಗೆಯುವವನು ಪ್ರವಾಹದ ನಡುವಿನ ಕಲ್ಲಿದ್ದಂತೆ. ನಾವು ಮಧ್ಯಾಹ್ನ ಹೋಗಿದ್ದೆವು.

ಕಂಬದ ಬುಡದಲ್ಲಿ ಕೂತು ಚಾವಣಿಯತ್ತ ಫೋನು ಹಿಡಿದಿದ್ದೆ. ನೆಲ ಒರೆಸುತ್ತಿದ್ದ ಸಮವಸ್ತ್ರದ ಹೆಂಗಸು ಸ್ವಲ್ಪ ಹೊತ್ತು ನೋಡಿ, ಹತ್ತಿರ ಬಂದು, ತನ್ನದೇ ಫೋನು ಮುಂದೆ ಚಾಚಿದಳು. "ಅಣ್ಣಾರ, ನಂದೊಂದು ಫೋಟೊ ತೆಗೀತೀರೇನ್ರಿ? ಮಗಳಿಗೆ ಕಳಿಸ್ತೀನ್ರಿ." ಮಾತಿನಲ್ಲೇ ಗೊತ್ತಾಯಿತು, ರಾಯಚೂರು ಕಡೆಯವಳು. ತೆಗೆಯುತ್ತೇನೆ ಎಂದೆ. ನನ್ನ ಕಣ್ಣು ಆಗಲೇ ಅಳತೆ ಹಾಕಿತ್ತು: ಒದ್ದೆ ನೆಲದಲ್ಲಿ ದೀಪಗಳ ಬಿಂಬ, ನಡುವೆ ಉದ್ದನೆಯ ಮಾಪು ಹಿಡಿದ ಇವಳು, ಹಿಂದೆ ಜನ. ಜೀವಮಾನವೆಲ್ಲ ನಾನು ಪಾಠ ಹೇಳಿದಂಥ ಚಿತ್ರ. "ಹಾಗೇ ನಿಲ್ಲಮ್ಮ" ಎನ್ನುವುದರೊಳಗೆ ಅವಳು ಮಾಪನ್ನು ಬಕೆಟ್ಟಿಗೆ ಸಿಕ್ಕಿಸಿ, ಬಕೆಟ್ಟನ್ನು ಕಂಬದ ಮರೆಗೆ ತಳ್ಳಿ, ಕೈ ಒರೆಸಿಕೊಂಡು, ಸಮವಸ್ತ್ರದ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು ಎಸ್ಕಲೇಟರಿನ ಮುಂದೆ ಹೋಗಿ ನಿಂತಿದ್ದಳು. ಮೂಗುಬೊಟ್ಟು ಸರಿ ಮಾಡಿಕೊಂಡಳು. "ಪೂರಾ ಬರಬೇಕ್ರಿ, ಹಿಂದಿಂದು ಎಲ್ಲಾ."

ತೆಗೆದೆ. ಗಲ್ಲ ಸ್ವಲ್ಪ ಎತ್ತಮ್ಮ ಎಂದು ಹೇಳಿದ್ದು ನಾನೋ ಮೇಷ್ಟ್ರೋ.

ಆ ಹೊಳೆಯುವ ನಿಲ್ದಾಣವನ್ನು ದಿನಾ ಹೊಳೆಯಿಸುವವಳು ಅವಳು. ಆ ಸೊಬಗಿನ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲುವ ಹಕ್ಕನ್ನು ಕೇಳಿ ಪಡೆದಳು. ದೊಡ್ಡಮ್ಮ ಕೇಳಿದ್ದೂ ಅಷ್ಟನ್ನೇ ಇರಬೇಕು. ದಿನವೂ ಬುಟ್ಟಿ ಹೊರುವವಳಿಗೆ ಬುಟ್ಟಿಯ ಫೋಟೊ ಏಕೆ? ಬುಟ್ಟಿಯ ಚಿತ್ರ ಬೇಕಾದದ್ದು ನನಗೆ, ಮುಂದೆ ಬರುವವರಿಗೆ, ಊರಿನ ಚರಿತ್ರೆಗೆ. ದೊಡ್ಡಮ್ಮನಿಗೆ ಬೇಕಾದದ್ದು ನವಿಲು. ಎರಡೂ ನ್ಯಾಯವೇ. ಕಾಸು ಕೊಟ್ಟವರ ಇಷ್ಟದಂತೆ ಚಿತ್ರ ತೆಗೆದ ಮೇಷ್ಟ್ರನ್ನು ನಾನು ಬರೀ ವ್ಯಾಪಾರಿ ಎಂದುಕೊಂಡಿದ್ದೆ. ಎದುರಿಗೆ ನಿಂತವರ ಮರ್ಯಾದೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಊರಿನ ಚರಿತ್ರೆಯ ಬಗ್ಗೆ ಮಾತ್ರ ಅವರಿಗೆ ಚಿಂತೆ ಇರಲಿಲ್ಲ. ಅದು ಅವರ ಕೆಲಸವೂ ಆಗಿರಲಿಲ್ಲ. ಅದು ಯಾರ ಕೆಲಸ ಎಂದು ಯಾರೂ ಗೊತ್ತುಮಾಡಿರಲಿಲ್ಲ, ಹಾಗಾಗಿ ಯಾರೂ ಮಾಡಲಿಲ್ಲ.

ಇದ್ದದ್ದೂ ಉಳಿಯಲಿಲ್ಲ. ಮೇಷ್ಟ್ರು ನೆಗೆಟಿವ್‌ಗಳನ್ನು ಕವರಿನಲ್ಲಿ ಹಾಕಿ, ನಂಬರು ಬರೆದು, ರಿಜಿಸ್ಟರಿನಲ್ಲಿ ಹೆಸರು ನಮೂದಿಸುತ್ತಿದ್ದರು. 1980ರ ಫೆಬ್ರವರಿಯಲ್ಲಿ ಸೂರ್ಯಗ್ರಹಣ ಬಂತು. ಊರೆಲ್ಲ ಬಾಗಿಲು ಹಾಕಿ ಕೂತಿದ್ದಾಗ ಹೈಸ್ಕೂಲಿನ ಹುಡುಗರು ಸೂರ್ಯನನ್ನು ನೋಡಬೇಕೆಂದು ಕಪ್ಪು ಫಿಲ್ಮು ಕೇಳಿಕೊಂಡು ಸ್ಟುಡಿಯೊಕ್ಕೆ ನುಗ್ಗಿದರು. ಹಳೆಯ ಕಟ್ಟುಗಳಿಂದ ಒಂದೊಂದೇ ಹಂಚಿಹೋದವು. ಯಾರ ಮದುವೆಯ ಮೂಲಕ ಯಾವ ಹುಡುಗ ಗ್ರಹಣ ನೋಡಿದನೋ. ಅದರಿಂದ ಕಣ್ಣಿಗೆ ಅಪಾಯ ಎಂಬ ತಿಳಿವಳಿಕೆ ಆಗ ನಮಗೆ ಇರಲಿಲ್ಲ. ಉಳಿದ ಕಟ್ಟುಗಳು ಮೇಷ್ಟ್ರು ಹೋದ ಮೇಲೆ ಗೆದ್ದಲಿನ ಪಾಲು. ರಿಜಿಸ್ಟರು ರದ್ದಿಗೆ. ನವಿಲಿನ ಪರದೆ ಯಾವ ಅಟ್ಟದಲ್ಲಿ ಕೊಳೆಯುತ್ತಿದೆಯೋ ಗೊತ್ತಿಲ್ಲ.

ಈಗ ಲಿಂಗದಹಳ್ಳಿಯ ಮೇಲೆ ಶನಿವಾರ, ಭಾನುವಾರ ಕಾರುಗಳ ಸಾಲು. ಕಲ್ಲತ್ತಿಗಿರಿಯ ಜಲಪಾತದ ಕೆಳಗೆ, ಕೆಮ್ಮಣ್ಣುಗುಂಡಿಯ ಗುಲಾಬಿ ತೋಟದ ಮುಂದೆ, ಹೆಬ್ಬೆಗೆ ಹೋಗುವ ಜೀಪಿನ ಮೇಲೆ, ಒಂದು ದಿನಕ್ಕೆ ತೆಗೆಯುವ ಚಿತ್ರಗಳನ್ನು ಮೇಷ್ಟ್ರು ಜೀವಮಾನದಲ್ಲಿ ತೆಗೆದಿರಲಿಕ್ಕಿಲ್ಲ. ಹುಡುಗರು ನಮ್ಮ ಮನೆಯ ಹತ್ತಿರ ಚಹಾಕ್ಕೆ ನಿಂತಾಗ, ಈ ಬೆಟ್ಟದಿಂದ ತಂತಿಯ ಮೇಲೆ ಕಬ್ಬಿಣ ಇಳಿಯುತ್ತಿತ್ತು ಎಂದರೆ, ಫೋಟೊ ಇದೆಯಾ ಅಂಕಲ್ ಎನ್ನುತ್ತಾರೆ. ಇಲ್ಲ ಎಂದರೆ ನಂಬಿದರೂ ನಂಬದ ಹಾಗೆ ತಲೆಯಾಡಿಸಿ ಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ. ಅವರ ಫೋನುಗಳಲ್ಲಿರುವ ಚಿತ್ರಗಳ ಗತಿಯೂ ನಮ್ಮ ನೆಗೆಟಿವ್‌ಗಳದ್ದೇ. ಚಿತ್ರ ಸಾವಿರ, ಅದರಲ್ಲಿ ನಿಂತವರು ಯಾರು, ಯಾವ ವರ್ಷ, ಏನು ಮಾಡುತ್ತಿದ್ದರು ಎಂಬ ಒಂದು ಸಾಲಿಲ್ಲ. ಮೆಜೆಸ್ಟಿಕ್‌ನಿಂದ ಹೊರಡುವಾಗ ಆ ಹೆಂಗಸಿನ ಹೆಸರು, ಊರು ಕೇಳಿ ನನ್ನ ಡೈರಿಯಲ್ಲಿ ಬರೆದುಕೊಂಡೆ. ಅದನ್ನು ಇಲ್ಲಿ ಹಾಕುವುದಿಲ್ಲ. ಚಿತ್ರ ಅವಳ ಮಗಳಿಗೆ ಸೇರಿದ್ದು.

ತರೀಕೆರೆ, ಲಿಂಗದಹಳ್ಳಿ, ಲಕ್ಕವಳ್ಳಿ, ಭದ್ರಾವತಿಯ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಟ್ಟದ ಟ್ರಂಕಿನಲ್ಲಿ, ಸತ್ತ ಅಜ್ಜನ ಕಾಗದಗಳ ನಡುವೆ, ಟ್ರಾಮಿನದೋ ರೋಪ್‌ವೇಯದೋ ಗಣಿಯ ಕೂಲಿ ಸಾಲಿನದೋ ಒಂದು ಚಿತ್ರ ಇದ್ದರೂ ಇರಬಹುದು. ನವಿಲಿನ ಪರದೆಯ ಮುಂದೆ ನಿಂತ ಅಜ್ಜಿಯದಾದರೂ ಸರಿ. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೂರಿಸಿ ಕೇಳಿ, ಚಿತ್ರದ ಹಿಂದೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ ಹೆಸರು, ಊರು, ಮಾಡುತ್ತಿದ್ದ ಕೆಲಸ, ಅಂದಾಜು ವರ್ಷ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೆರೆ ಏಳುತ್ತದೆ. ಒಂದು ಪ್ರತಿ ತೆಗೆಸಿ ಊರಿನ ಗ್ರಂಥಾಲಯಕ್ಕೋ ಶಾಲೆಗೋ ಕೊಡಿ. ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳಿ.